ಬೋರಕ್ಕನ ಒಂಬತ್ತು ಹರಕೆ ಹುಂಜಗಳು

ಯರೆಕಟ್ಟೆ ಎಂಬ ಊರಿನ ಕೊನೆಯ ಮನೆ ಬೋರಕ್ಕನದು. ಮನೆ ಎಂದರೆ ಏನು ಮಹಾ? ಎರಡು ಅಂಕಣ, ಮುಂದೆ ಅಂಗಳ, ಹಿಂದೆ ಹಿತ್ತಲು, ಹಿತ್ತಲ ಮೂಲೆಗೊಂದು ತಿಪ್ಪೆ. ಆದರೆ ಆ ಮನೆಯೊಳಗಿನ ಸಂಸಾರ ದೊಡ್ಡದು. ಒಂದು ಎಮ್ಮೆ, ನಾಲ್ಕು ಮೇಕೆ, ಹತ್ತು ಹನ್ನೆರಡು ಹ್ಯಾಟೆ ಕೋಳಿ, ಅಷ್ಟೂ ಹ್ಯಾಟೆಗಳಿಗೆ ಒಂದೇ ಒಂದು ಹುಂಜ. ಇವೆಲ್ಲವನ್ನೂ ಸಾಕುತ್ತಿದ್ದವಳು ಬೋರಕ್ಕ, ಬೋರಕ್ಕನನ್ನು ಸಾಕುತ್ತಿದ್ದವನು ಅವಳ ಗಂಡ ಪಾಲಯ್ಯ.

ಗಡಿಯಾರ ಎಂಬುದು ಮೇಷ್ಟ್ರ ಮನೆಯ ಗೋಡೆಗೆ ಮಾತ್ರ ಬಂದಿದ್ದ ಕಾಲ ಅದು. ಬೋರಕ್ಕನ ಹುಂಜ ಮೊದಲ ಸಲ ಕೂಗಿದರೆ ಹೆಂಗಸರು ಎದ್ದು ರಾಗಿ ಬೀಸಲು ಕೂರುತ್ತಿದ್ದರು. ಎರಡನೆಯ ಸಲ ಕೂಗಿದರೆ ಗಂಡಸರು ನೇಗಿಲು ಹೊರುತ್ತಿದ್ದರು. ಬೆಳಕು ಹರಿದ ಮೇಲೆ ಬೋರಕ್ಕ ಕೋಳಿ ಮುಚ್ಚಿದ ಬಿದಿರಿನ ಮಂಕರಿ ಎತ್ತುವಳು. ಮಂಕರಿಯ ಕೆಳಗಿಂದ ಹೊರಬಂದ ಒಂದೊಂದು ಹ್ಯಾಟೆಯನ್ನೂ ಹಿಡಿದು, ಬೆರಳಿಟ್ಟು ನೋಡಿ, ಇದಕ್ಕೆ ಇವತ್ತು ಮೊಟ್ಟೆ ಇದೆ, ಇದಕ್ಕಿಲ್ಲ ಎಂದು ಹೇಳಿಬಿಡುವಳು. ಇದ್ದದ್ದು ಮತ್ತೆ ಮಂಕರಿಯೊಳಕ್ಕೆ, ಇಲ್ಲದ್ದು ತಿಪ್ಪೆಗೆ. ಒಂದು ದಿನವೂ ಅವಳ ಬೆರಳು ತಪ್ಪಿದ್ದಿಲ್ಲ. ಆ ಬೆಳಗುಗಳೇ ಬೇರೆ ಬಿಡಿ ಮಕ್ಕಳೇ. ಈಗ ಮೊಟ್ಟೆ ಅಂಗಡಿಯಿಂದ ಬರುತ್ತದೆ, ಯಾವ ಕೋಳಿ ಇಟ್ಟಿತು ಎಂದು ಯಾರನ್ನು ಕೇಳುವುದು?

ಆ ಹ್ಯಾಟೆಗಳಲ್ಲಿ ಮೂರು ಮಾತ್ರ ಬೋರಕ್ಕನಿಗೆ ಪ್ರಾಣ. ಬೂದು ಬಣ್ಣ, ನೆತ್ತಿಯ ಮೇಲೆ ಗರಿಯ ಜುಟ್ಟು. ಅವಳು ಮದುವೆಯಾಗಿ ಬಂದ ದಿನ ಅವ್ವ ಒಂದು ಜುಟ್ಟಿನ ಹ್ಯಾಟೆಯನ್ನು ಬುಟ್ಟಿಯಲ್ಲಿ ಮುಚ್ಚಿ ಗಾಡಿಯಲ್ಲಿ ಇಟ್ಟುಕೊಟ್ಟಿದ್ದಳು. ಅದಾದ ಮರುವರ್ಷವೇ ಅವ್ವ ತೀರಿಕೊಂಡಳು. ತಮ್ಮಂದಿರು ಒಬ್ಬೊಬ್ಬರಾಗಿ ಊರು ಬಿಟ್ಟರು, ತವರುಮನೆಯ ಗೋಡೆಯೂ ಬಿತ್ತು. ಬೋರಕ್ಕನ ಪಾಲಿಗೆ ತವರು ಅಂತ ಉಳಿದದ್ದು ಆ ಜುಟ್ಟಿನ ತಳಿ ಒಂದೇ. ಅದೂ ಸುಲಭಕ್ಕೆ ಉಳಿಯುವಂಥದ್ದಲ್ಲ. ಹತ್ತು ಮರಿ ಒಡೆದರೆ ಜುಟ್ಟು ಬರುತ್ತಿದ್ದದ್ದು ಒಂದಕ್ಕೋ ಎರಡಕ್ಕೋ. ಉಳಿದವು ಊರ ಕೋಳಿಗಳ ಹಾಗೇ ಕೆಂಪಗೋ ಕಪ್ಪಗೋ ಹುಟ್ಟುತ್ತಿದ್ದವು.

ಅವ್ವ ಕೋಳಿಯ ಜೊತೆಗೆ ಒಂದು ಕಟ್ಟುಪಾಡನ್ನೂ ಹೇಳಿ ಕಳಿಸಿದ್ದಳು. ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು, ಇನ್ನೊಂದು ಹುಂಜ ಕೂಗಲು ಕಲಿತ ದಿನವೇ ಅದಕ್ಕೊಂದು ದಾರಿ ತೋರಿಸಬೇಕು. ಮಾರು, ಯಾರಿಗಾದರೂ ಕೊಡು, ಇಲ್ಲ ಒಲೆಯ ಮೇಲಿಡು, ಆದರೆ ಅಂಗಳದಲ್ಲಿ ಮಾತ್ರ ಬಿಡಬೇಡ ಎಂದಿದ್ದಳು. ಬೋರಕ್ಕ ಬಹಳ ವರ್ಷ ಹಾಗೇ ನಡೆದುಕೊಂಡು ಬಂದಳು.

ಕಟ್ಟು ಮುರಿದದ್ದು ಒಂದು ಸುಗ್ಗಿಯಲ್ಲಿ. ಆ ವರ್ಷ ಒಂದು ಕೆಂಪು ಮರಿಯ ತಾಯಿಯನ್ನು ಹದ್ದು ಎತ್ತಿಕೊಂಡು ಹೋಗಿತ್ತು. ಬೋರಕ್ಕ ಆ ಮರಿಗೆ ನವಣೆ ಅಗಿದು ತಿನ್ನಿಸಿದಳು, ಮಡಿಲಲ್ಲಿ ಕಟ್ಟಿಕೊಂಡು ಮುದ್ದೆ ತಿರುವಿದಳು. ಮರಿ ಬೆಳೆದು ಹುಂಜವಾಯಿತು. ಬೋರಕ್ಕ ಎಲ್ಲಿ ಹೋದರೆ ಅಲ್ಲಿಗೆ ಹಿಂದೆಯೇ ಬರುತ್ತಿತ್ತು. ಆಗ ಬಂದ ನೋಡಿ ಪಾಲಯ್ಯನ ಅಣ್ಣ ಸಣ್ಣಓಬಯ್ಯ. ದೂರದಿಂದ ನಡೆದು ಬಂದ ನೆಂಟ, ಮನೆಗೆ ಹಿರಿಯ. ಹುಂಜ ಕೊಯ್ಯದಿದ್ದರೆ ಹೇಗೆ? ಪಾಲಯ್ಯ ಚೂರಿ ಮಸೆಯುತ್ತ ಆ ಕೆಂಪನೆಯದನ್ನು ಹಿಡಿದುಕೊಂಡು ಬಾ ಎಂದ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರಿದ್ದಾರೆ? ಮಸಾಲೆ ಆಗಲೇ ಒರಳಿನಲ್ಲಿತ್ತು.

ಬೋರಕ್ಕ ಹುಂಜವನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಬೇಡ ಎನ್ನಬೇಕು. ಆದರೆ ಏನಂತ ಬೇಡ ಎನ್ನುವುದು? ಒಂದು ಕೋಳಿಗೆ ಕಣ್ಣೀರು ಹಾಕಿದಳು ಅಂತ ಊರೆಲ್ಲ ಆಡಿಕೊಳ್ಳುತ್ತಾರೆ, ಅಣ್ಣನ ಮುಂದೆ ಗಂಡನಿಗೆ ಅವಮಾನವಾಗುತ್ತದೆ, ಭಾವ ಮುನಿಸಿಕೊಂಡು ಎದ್ದು ಹೋದರೂ ಹೋದಾನು. ಅವಳು ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಬಾಯಿ ತನ್ನ ಪಾಡಿಗೆ ತಾನು ಒಂದು ಮಾತು ಆಡಿಬಿಟ್ಟಿತು.

"ಅದು ಮಾರಮ್ಮನ ಹರಕೆ ಹುಂಜ."

ಮೇಕೆಗೆ ಹೊಟ್ಟೆ ಉಬ್ಬರಿಸಿದಾಗ ಹರಸಿಕೊಂಡಿದ್ದೆ ಎಂದು ಅದಕ್ಕೊಂದು ಬಾಲವನ್ನೂ ಸೇರಿಸಿದಳು. ಪಾಲಯ್ಯನ ಕೈ ಅಲ್ಲೇ ನಿಂತಿತು. ಭಾವ ಗಲ್ಲ ಗಲ್ಲ ಬಡಿದುಕೊಂಡ. ಆ ಸೀಮೆಯಲ್ಲಿ ಅಮ್ಮನಿಗೆ ಬಿಟ್ಟ ಹುಂಜ ಎಂದರೆ ಮುಗಿಯಿತು. ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಕೂಡಿಹಾಕುವಂತಿಲ್ಲ, ಕಲ್ಲೆತ್ತಿ ಹೊಡೆಯುವಂತಿಲ್ಲ. ಕಾಲಿಗೆ ಅರಿಶಿನದ ದಾರ ಕಟ್ಟಿ ಬಿಟ್ಟರೆ ಅಮ್ಮನ ಹಬ್ಬ ಬರುವವರೆಗೆ ಅದು ಯಾರ ಮನೆಗಾದರೂ ನುಗ್ಗಬಹುದು. ಹಬ್ಬ ನಡೆಯುವುದೋ ಐದು ವರ್ಷಕ್ಕೊಂದು ಸಲ. ಅಷ್ಟು ಹೊತ್ತಿಗೆ ಹುಂಜ ತಾನಾಗೇ ಮುದಿಯಾಗಿ ಸತ್ತಿರುತ್ತದೆ, ಅಮ್ಮ ಏನೂ ಅಂದುಕೊಳ್ಳುವುದಿಲ್ಲ ಎಂದು ಬೋರಕ್ಕ ಸಮಾಧಾನ ಮಾಡಿಕೊಂಡಳು. ಅವತ್ತು ಮೂವರೂ ಹುರುಳಿ ಸಾರಿನಲ್ಲಿ ಮುದ್ದೆ ಉಂಡರು.

ಮೊದಲನೆಯ ಸುಳ್ಳಿಗೆ ಎದೆ ಬಡಿದುಕೊಳ್ಳುತ್ತದೆ, ಎರಡನೆಯದಕ್ಕೆ ನಾಲಿಗೆ ಪಳಗಿರುತ್ತದೆ. ಮುಂದಿನ ಸಲ ಸಂತೆಯ ವ್ಯಾಪಾರಿ ಬಂದು ಕಪ್ಪು ಹುಂಜಕ್ಕೆ ಕೈ ಹಾಕಿದ. ಅದನ್ನು ಎಮ್ಮೆಯ ಹೆರಿಗೆಗೆ ಹರಸಿಕೊಂಡದ್ದು ಎಂದಳು. ಪಕ್ಕದ ಮನೆಯ ದ್ಯಾಮಕ್ಕ ಮಗಳ ಬಾಣಂತನಕ್ಕೆ ಒಂದು ಹುಂಜ ಕೇಳಿದಳು. ಅದನ್ನು ತನ್ನ ಸೊಂಟನೋವಿಗೆ ಹರಸಿಕೊಂಡದ್ದು ಎಂದಳು. ಬೋರಕ್ಕನ ಮನೆಯಲ್ಲಿ ಅಷ್ಟೊಂದು ಕಾಯಿಲೆ ಕಸಾಲೆ ಯಾವಾಗ ಬಂದವೋ ಆ ಮಾರಮ್ಮನೇ ಹೇಳಬೇಕು. ಒಂದು ಉಂಡೆ ಅರಿಶಿನದ ದಾರ ಖಾಲಿಯಾಗುವ ಹೊತ್ತಿಗೆ ಹಳೆಯ ಹುಂಜ ಮುದಿಯಾಗಿ ಸತ್ತಿತ್ತು, ಅಂಗಳದಲ್ಲಿ ದಾರ ಕಟ್ಟಿದ ಒಂಬತ್ತು ಹುಂಜಗಳಿದ್ದವು. ಬೋರಕ್ಕ ಒಂದೊಂದಕ್ಕೂ ತನ್ನ ಕೈಯಾರೆ ಕಾಳು ಹಾಕಿ, ಪಾಪ, ಬದುಕಿಕೊಳ್ಳಲಿ ಎನ್ನುತ್ತಿದ್ದಳು.

ಬದುಕಿಕೊಂಡವು. ಬದುಕಲು ಬಿಡದೆ ಹೋದದ್ದು ಉಳಿದವುಗಳನ್ನು.

ಒಂಬತ್ತು ಹುಂಜಗಳು ಒಂಬತ್ತು ಹೊತ್ತಿಗೆ ಕೂಗತೊಡಗಿದವು. ರಾಗಿ ಬೀಸುವ ಹೆಂಗಸರು ಅರ್ಧ ನಿದ್ದೆಗೆ ಎದ್ದು ಬೋರಕ್ಕನಿಗೆ ಶಾಪ ಹಾಕಿದರು. ನೇಗಿಲು ಹೊರಬೇಕಾದವರು ಎದ್ದಾಗ ಬಿಸಿಲು ಬೆನ್ನಿಗೆ ಬಂದಿರುತ್ತಿತ್ತು. ಹುಂಜಗಳು ಎಮ್ಮೆಗಿಟ್ಟ ಮುಸುರೆ ಬಾನಿಯ ಅಂಚಿನಲ್ಲಿ ಕಾದಾಡಿ ಬಾನಿಯೊಳಗೇ ಬಿದ್ದವು, ಆ ಮುಸುರೆಗೆ ಎಮ್ಮೆ ಮೂಗು ಹಾಕಲಿಲ್ಲ. ಹಾಲು ಕರೆಯುವ ಹೊತ್ತಿಗೆ ಒಂದು ಹುಂಜ ಎಮ್ಮೆಯ ಬೆನ್ನೇರಿದರೆ ಇನ್ನೊಂದು ಅದನ್ನು ಅಟ್ಟಿಕೊಂಡು ಬರುವುದು. ಎಮ್ಮೆ ಬೆದರಿ ಹಾಲಿನ ತೊರೆ ಬಿಡದೆ ಹೋಯಿತು, ಎಷ್ಟು ಹಿಂಡಿದರೂ ತಂಬಿಗೆಯ ತಳ ತುಂಬುತ್ತಿರಲಿಲ್ಲ. ದ್ಯಾಮಕ್ಕನ ಅಂಗಳದಲ್ಲಿ ಒಣಹಾಕಿದ ರಾಗಿಯನ್ನು ಕೆದರಿ ಮಣ್ಣುಪಾಲು ಮಾಡಿದವು. ದ್ಯಾಮಕ್ಕ ಕೋಲು ಎತ್ತಿಕೊಂಡು ಹೊರಬಂದು, ಹಳದಿ ದಾರ ಕಂಡು ಕೋಲು ಇಳಿಸಿ, ಅಮ್ಮನ ಹುಂಜ ಅಂತ ಸುಮ್ಮನಿದ್ದೇನೆ, ನಿನ್ನ ಹುಂಜ ಆಗಿದ್ದರೆ ಗೊತ್ತಿತ್ತು ಎಂದು ಹೇಳಿ ಒಳಗೆ ಹೋಗುತ್ತಿದ್ದಳು.

ಇದನ್ನೆಲ್ಲ ಬೋರಕ್ಕ ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹಿಸಲಾರದ್ದು ಹ್ಯಾಟೆಗಳ ಪಾಡು. ಒಂಬತ್ತು ಹುಂಜಗಳು ಬೆನ್ನು ಹತ್ತಿದರೆ ಆ ಬಡಪಾಯಿಗಳು ಎಲ್ಲಿಗೆ ಹೋಗಬೇಕು? ಬೆನ್ನಿನ ಗರಿಯೆಲ್ಲ ಕಿತ್ತುಹೋಗಿ ಕೆಂಪು ಚರ್ಮ ಕಂಡಿತು. ಮೇವಿಗೆ ಇಳಿಯಲು ಹೆದರಿ ಸೂರಿನ ಮೇಲೇ ಕೂತು ಕೂತು ಸೊರಗಿದವು. ಬೋರಕ್ಕನ ಬೆರಳಿಗೆ ಮೊಟ್ಟೆ ಸಿಗುವುದೇ ನಿಂತುಹೋಯಿತು. ಜುಟ್ಟಿನ ಮೂರರಲ್ಲಿ ಒಂದು ಹುಂಜಗಳಿಂದ ತಪ್ಪಿಸಿಕೊಂಡು ಬೇಲಿಗೆ ನುಗ್ಗಿ ಮುಂಗುಸಿಯ ಬಾಯಿಗೆ ಬಿತ್ತು. ಇನ್ನೊಂದು ಮೇವು ಬಿಟ್ಟು ಒಣಗಿ ಸತ್ತಿತು. ಉಳಿದದ್ದು ಒಂದೇ ಒಂದು.

ಬೋರಕ್ಕ ಮೂರು ಹುಂಜಗಳನ್ನು ಮಂಕರಿಯಡಿ ಮುಚ್ಚಿ ನೋಡಿದಳು. ದಾರಿಯಲ್ಲಿ ಹೋಗುವವರು ಅಮ್ಮನ ಹುಂಜವನ್ನು ಸೆರೆ ಹಾಕಿದ್ದೀಯಲ್ಲ ತಾಯಿ, ಊರಿಗೆ ಕೇಡಾದರೆ ಯಾರು ಹೊಣೆ ಎಂದರು. ದೂರದ ಊರಿನ ಒಬ್ಬನಿಗೆ ಸುಮ್ಮನೆ ಕೊಡಲು ಹೋದಳು. ಅವನು ದಾರ ನೋಡಿ ಕೈ ಮುಗಿದು ಹಿಂದೆ ಸರಿದ. ದಾರ ಬಿಚ್ಚೋಣವೆಂದರೆ ಯಾವ ಹುಂಜ ಹರಕೆಯದು ಅಂತ ಊರಿಗೆಲ್ಲ ಬಾಯಿಪಾಠ. ತಾನೇ ಕಟ್ಟಿದ ದಾರ ಈಗ ತನ್ನ ಕೈಗೇ ಬಿದ್ದಿತ್ತು. ಬಿಸಿತುಪ್ಪವಾಯಿತು ಅವಳ ಮಾತು, ನುಂಗಲೂ ಆಗದು, ಉಗುಳಲೂ ಆಗದು.

ಉಳಿದ ಒಂದು ಜುಟ್ಟಿನ ಹ್ಯಾಟೆ ಹೇಗೋ ದೇವರ ದಯೆಯಿಂದ ಮತ್ತೆ ಮೊಟ್ಟೆಯಿಟ್ಟು ಕಾವಿಗೆ ಬಂತು. ಬೋರಕ್ಕ ಉಸಿರು ಬಿಗಿಹಿಡಿದುಕೊಂಡು ಎಲ್ಲ ಅಣಿ ಮಾಡಿದಳು. ಅಗಲ ಬುಟ್ಟಿಗೆ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟು, ಕೂಡಿಸಿಟ್ಟಿದ್ದ ಹದಿಮೂರು ಮೊಟ್ಟೆಗಳ ಮೇಲೆ ಹ್ಯಾಟೆಯನ್ನು ಕೂರಿಸಿದಳು. ಬುಟ್ಟಿಯನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟು ಬಾಗಿಲಿಗೆ ಬಿದಿರಿನ ತಟ್ಟಿ ಅಡ್ಡ ಇಟ್ಟಳು. ಇದೊಂದು ಒಡೆದು ಮರಿಯಾಗಿಬಿಡಲಿ, ಅವ್ವನ ತಳಿ ಉಳಿಯಲಿ ಎಂದು ದಿನ ಎಣಿಸಿದಳು. ಇಪ್ಪತ್ತೊಂದು ದಿನಕ್ಕೆ ಮರಿ. ಹದಿನೇಳು ಕಳೆಯಿತು.

ಹದಿನೆಂಟನೆಯ ದಿನ ಮಧ್ಯಾಹ್ನ ಅವಳು ಮೇಕೆಗಳಿಗೆ ಸೊಪ್ಪು ತರಲು ಹಿತ್ತಲಿಗೆ ಹೋಗಿದ್ದಳು. ಅಂಗಳದಲ್ಲಿ ಕಾದಾಡುತ್ತಿದ್ದ ನಾಲ್ಕು ಹುಂಜಗಳು ಒಂದನ್ನೊಂದು ಅಟ್ಟಿಕೊಂಡು ತಟ್ಟಿ ಕೆಡವಿ ಒಳಗೆ ನುಗ್ಗಿದವು. ಬೋರಕ್ಕ ಸದ್ದು ಕೇಳಿ ಸೊಪ್ಪು ಬಿಸಾಡಿ ಓಡಿಬಂದಳು. ಬುಟ್ಟಿ ಬೋರಲು ಬಿದ್ದಿತ್ತು. ಜುಟ್ಟಿನ ಹ್ಯಾಟೆ ಮೊಟ್ಟೆ ಬಿಟ್ಟು ಏಳದೆ, ರೆಕ್ಕೆ ಹರಡಿಕೊಂಡೇ ನಾಲ್ಕು ಹುಂಜಗಳ ತುಳಿತಕ್ಕೆ ಸಿಕ್ಕಿ ಸತ್ತಿತ್ತು. ಅದರ ಕೆಳಗೆ ಹನ್ನೊಂದು ಮೊಟ್ಟೆ ಒಡೆದು, ಒಳಗಿನ ಮರಿಗಳು ಬೂದಿಯಲ್ಲಿ ಹೊರಳಿದ್ದವು. ಅದನ್ನು ತುಳಿದವುಗಳಲ್ಲಿ ಮಡಿಲಲ್ಲಿ ಸಾಕಿದ ಆ ಕೆಂಪು ಹುಂಜವೂ ಇತ್ತು. ಅದು ಏನೂ ಆಗದವರ ಹಾಗೆ ಬಂದು ಬೋರಕ್ಕನ ಸೆರಗು ಕುಕ್ಕಿತು, ಕಾಳು ಹಾಕು ಎಂದು.

ಎರಡು ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ. ಬೋರಕ್ಕ ಅವನ್ನು ಮಡಿಲಲ್ಲಿ ಕಟ್ಟಿಕೊಂಡು ದ್ಯಾಮಕ್ಕನ ಮನೆಗೆ ಓಡಿದಳು. ದ್ಯಾಮಕ್ಕನ ಮನೆಯಲ್ಲಿ ಒಂದು ಹ್ಯಾಟೆ ಕಾವು ಕೂತಿತ್ತು. ರಾಗಿಯ ಸಿಟ್ಟು ಇನ್ನೂ ಆರದಿದ್ದ ದ್ಯಾಮಕ್ಕ ಬೋರಕ್ಕನ ಮುಖ ನೋಡಿದಳು, ಮಡಿಲು ನೋಡಿದಳು, ಒಂದು ಮಾತೂ ಕೇಳದೆ ಹ್ಯಾಟೆಯ ರೆಕ್ಕೆ ಎತ್ತಿ ಜಾಗ ಮಾಡಿದಳು. ಆ ಕಾಲದ ಹೆಂಗಸರು ಹಾಗೇ. ಜಗಳ ಬೇರೆ, ಮೊಟ್ಟೆ ಬೇರೆ.

ಸಂಜೆ ಪಾಲಯ್ಯ ಹೊಲದಿಂದ ಬಂದಾಗ ಒಲೆ ಉರಿದಿರಲಿಲ್ಲ. ಬೋರಕ್ಕ ಸತ್ತ ಹ್ಯಾಟೆಯನ್ನು ಮಡಿಲಲ್ಲಿ ಹಾಕಿಕೊಂಡು, ಅವ್ವ ಎರಡನೆಯ ಸಲ ಸತ್ತಳು ಎಂದು ಅಳುತ್ತ ಕೂತಿದ್ದಳು. ಗಂಡನನ್ನು ಕಂಡದ್ದೇ ಎಲ್ಲವನ್ನೂ ಹೇಳಿಬಿಟ್ಟಳು. ಒಂಬತ್ತರಲ್ಲಿ ಒಂದೂ ಹರಕೆಯದಲ್ಲ, ಒಂದನ್ನೂ ಅಮ್ಮನಿಗೆ ಹರಸಿಕೊಂಡಿರಲಿಲ್ಲ, ಕೊಯ್ಯುವುದನ್ನು ನೋಡಲಾರದೆ ಸುಳ್ಳು ಹೇಳಿದೆ ಎಂದಳು. ಬೈಯಲಿ, ಹೊಡೆಯಲಿ ಎಂದು ತಲೆ ಬಗ್ಗಿಸಿದಳು.

ಪಾಲಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಪಕ್ಕ ಕೂತ. ಸತ್ತ ಹ್ಯಾಟೆಯ ಗರಿ ಸವರುತ್ತ ಹೇಳಿದ:

"ನಂಗೆ ಎರಡನೇ ಹುಂಜದಾಗೇ ಗೊತ್ತಾಗಿತ್ತು ಬೋರಿ. ಅಮ್ಮನ ಹೆಸರು ಹೇಳ್ದವಳನ್ನ ಸುಳ್ಳಿ ಅನ್ನೋಕೆ ನಂಗೂ ಬಾಯಿ ಬರ್ಲಿಲ್ಲ. ಕುಯ್ಯಬ್ಯಾಡ, ನಂಗೆ ತಡಿಯಾಕಾಗಲ್ಲ ಅಂದಿದ್ರೆ ಸಾಕಾಗಿತ್ತಲ್ಲ. ನಾನೇನು ಅಷ್ಟು ಕಟುಕನಾ?"

ಆ ಮಾತಿಗೆ ಬೋರಕ್ಕನ ಅಳು ನಿಂತುಹೋಯಿತು. ಹ್ಯಾಟೆ ಸತ್ತ ನೋವಿಗಿಂತ ಈ ನೋವು ದೊಡ್ಡದಾಗಿತ್ತು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಗಂಡನನ್ನು ಒಂದು ಮಾತು ಕೇಳಿ ನೋಡಲಿಲ್ಲವಲ್ಲ, ಅವನ ಕೈಯಲ್ಲಿದ್ದ ಚೂರಿ ನೋಡಿದೆನೇ ಹೊರತು ಅವನ ಮುಖ ನೋಡಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇಬ್ಬರೂ ಸೇರಿ ಹ್ಯಾಟೆಯನ್ನು ತಿಪ್ಪೆಗೆ ಎಸೆಯದೆ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದರು.

ಮರುದಿನ ಮಂಗಳವಾರ. ಅಮ್ಮನ ಗುಡಿಯ ಮುಂದೆ ಜನ ಸೇರಿದ್ದರು. ಬೋರಕ್ಕ ಒಂಬತ್ತು ಹುಂಜಗಳನ್ನೂ ಬುಟ್ಟಿಗಳಲ್ಲಿ ಹಾಕಿಕೊಂಡು ಗಂಡನ ಜೊತೆ ಬಂದು, ಪೂಜಾರಿ ಹೊಳಿಯಪ್ಪನ ಮುಂದೆ, ಊರಿನವರ ಮುಂದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೆಲವರು ನಕ್ಕರು. ಅರ್ಧ ನಿದ್ದೆಗೆ ಎದ್ದಿದ್ದ ಹೆಂಗಸರು ಚೆನ್ನಾಗಿಯೇ ಬೈದರು. ಬೋರಕ್ಕ ಎಲ್ಲ ಕೇಳಿಸಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳದ್ದು ಎರಡೂ ಹೋಗಿತ್ತು, ಇನ್ನು ಹೋಗುವುದಕ್ಕೆ ಏನಿದೆ?

ಹೊಳಿಯಪ್ಪ ವಯಸ್ಸಾದವನು, ಮೆಲುಮಾತಿನವನು. ಅಮ್ಮನಿಗೆ ಸುಳ್ಳಿನ ಹುಂಜ ಬೇಡ ಎಂದು ಒಂದೊಂದರ ಕಾಲಿನ ದಾರವನ್ನೂ ತಾನೇ ಬಿಚ್ಚಿದ. ತಪ್ಪುಕಾಣಿಕೆಯೆಂದು ಒಂದು ತೆಂಗಿನಕಾಯಿ ಒಡೆಸಿದ. ಹುಂಜಗಳನ್ನು ಅಲ್ಲೇ ಬೇಕಾದವರಿಗೆ ಕೊಟ್ಟರು. ಹುಂಜವಿಲ್ಲದ ಮನೆಯವರು ಕೆಲವರು ತಳಿಗೆಂದು ಒಯ್ದರು, ಕೆಲವರು ಯಾತಕ್ಕೆ ಒಯ್ದರೆಂದು ಹೇಳಲಿಲ್ಲ. ದ್ಯಾಮಕ್ಕನ ಬಾಣಂತಿ ಮಗಳಿಗೆ ಕಪ್ಪನೆಯದು ಹೋಯಿತು. ಕೆಂಪು ಹುಂಜವನ್ನು ಆಚೆ ಊರಿನ ಒಬ್ಬ ಮುದುಕಿ ಸೆರಗಿನಲ್ಲಿ ಸುತ್ತಿಕೊಂಡು ಹೋಗುವಾಗ ಬೋರಕ್ಕ ಆ ದಾರಿಯನ್ನೇ ನೋಡುತ್ತ ನಿಂತಳು. ಯಾರ ಮನೆಯಲ್ಲಿ ಅದು ಕೂಗಿತು, ಯಾರ ಮನೆಯಲ್ಲಿ ಸಾರಾಯಿತು ಎಂದು ಅವಳು ಯಾವತ್ತೂ ಕೇಳಲಿಲ್ಲ.

ಮೂರು ದಿನಕ್ಕೆ ದ್ಯಾಮಕ್ಕನ ಹ್ಯಾಟೆಯ ಕೆಳಗೆ ಎರಡರಲ್ಲಿ ಒಂದು ಮೊಟ್ಟೆ ಕೆಟ್ಟಿತು, ಒಂದು ಒಡೆದು ಮರಿಯಾಯಿತು. ಬೂದು ಮರಿ, ನೆತ್ತಿಯ ಮೇಲೆ ಸಾಸಿವೆಯಷ್ಟು ಗುಬುಟು. ಬೋರಕ್ಕ ಕೈ ಮುಗಿದಳು. ಎರಡು ತಿಂಗಳು ಕಳೆದು ಜುಟ್ಟು ಬಂತು. ಇನ್ನೂ ಮೂರು ತಿಂಗಳು ಕಳೆದು ಒಂದು ಬೆಳಿಗ್ಗೆ ಅದು ಬೇಲಿಯ ಮೇಲೆ ಹತ್ತಿ ಕತ್ತು ಚಾಚಿ ಕೂಗಿತು. ಹುಂಜ! ಬೋರಕ್ಕ ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಕೂತಳು. ಹ್ಯಾಟೆಯಲ್ಲದಿದ್ದರೇನಂತೆ, ತವರಿನ ರಕ್ತ ಇದರಲ್ಲೇ ಇದೆ, ಇದು ಬದುಕಿದ್ದರೆ ಮುಂದೆ ಜುಟ್ಟಿನ ಮರಿ ಹುಟ್ಟುತ್ತದೆ ಎಂದು ಪಾಲಯ್ಯ ಹೇಳಿದ. ಅದೊಂದನ್ನೇ ಅಂಗಳಕ್ಕೆ ಇಟ್ಟುಕೊಂಡರು. ಹ್ಯಾಟೆಗಳ ಬೆನ್ನಿಗೆ ಗರಿ ಬಂತು, ಎಮ್ಮೆ ತೊರೆ ಬಿಟ್ಟಿತು, ಊರು ಹೊತ್ತಿಗೆ ಸರಿಯಾಗಿ ಎದ್ದಿತು.

ಆ ಸುಗ್ಗಿಗೆ ಭಾವ ಸಣ್ಣಓಬಯ್ಯ ಮತ್ತೆ ಬಂದ. ಬಂದವನು ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಅಂಗಳದ ಹುಂಜವನ್ನು ನೋಡಿದ. ಪರವಾಗಿಲ್ಲ, ಜುಟ್ಟಿನ ಹುಂಜ, ಮೈ ಕಟ್ಟಿದೆ, ಈ ಸಲವಾದರೂ ಹುಂಜದ ಸಾರು ಉಂಟೋ ಎಂದು ಕೇಳಿದ.

ಪಾಲಯ್ಯ ಹೆಂಡತಿಯ ಕಡೆ ನೋಡಿದ. ಬೋರಕ್ಕ ಹುಂಜದ ಕಡೆ ನೋಡಿದಳು. ಇದು ಹೋದರೆ ತವರೇ ಹೋಯಿತು. ಹಳೆಯ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅದನ್ನು ಆಡಿದರೆ ಭಾವ ಈಗಲೂ ಗಲ್ಲ ಬಡಿದುಕೊಂಡು ಸುಮ್ಮನಾಗುತ್ತಾನೆ, ದೂರದ ಊರಿನವನಿಗೆ ಗುಡಿಯ ಮುಂದೆ ನಡೆದದ್ದೇನೂ ಗೊತ್ತಿಲ್ಲ. ಬೋರಕ್ಕ ಆ ಮಾತನ್ನು ನುಂಗಿಕೊಂಡು ಸೆರಗು ಸರಿಮಾಡಿಕೊಂಡಳು.

"ಇದು ಯಾವ ದೇವರ ಹುಂಜನೂ ಅಲ್ಲ ಭಾವ. ನಮ್ಮವ್ವ ಕೊಟ್ಟ ತಳಿ, ಇದೊಂದೇ ಉಳಿದಿರೋದು. ಇದನ್ನ ಕುಯ್ಯಾಕೆ ನಂಗೆ ಮನಸಿಲ್ಲ. ಹುರುಳಿ ಸಾರು ಮಾಡ್ತೀನಿ."

ಭಾವನ ಮುಖ ಸಣ್ಣದಾಯಿತು. ನೆಂಟನಿಗಿಂತ ಹುಂಜವೇ ಹೆಚ್ಚಾಯಿತು ಈ ಮನೆಯಲ್ಲಿ ಎಂದು ಗೊಣಗಿಕೊಂಡು ಗೋಡೆಗೆ ಒರಗಿದ. ಬೋರಕ್ಕ ಅದಕ್ಕೆ ಎದುರಾಡಲಿಲ್ಲ, ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಒಲೆ ಊದಿದಳು. ಊಟಕ್ಕೆ ಕೂತಾಗಲೂ ಭಾವ ಮುಖ ಗಂಟಿಕ್ಕಿಕೊಂಡೇ ಇದ್ದ. ಆ ಮುನಿಸು ಮೊದಲನೆಯ ಮುದ್ದೆ ಮುಗಿಯುವವರೆಗೆ ಇತ್ತು. ಎರಡನೆಯ ಮುದ್ದೆಗೆ ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದಿಷ್ಟು ಸಾರು ಬಿಡವ್ವ ಎಂದ.

ನೀತಿ: ಕರುಣೆ ಇದ್ದರೆ ಸಾಲದು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಬೇಕು. ಬೇಡ ಎನ್ನಲು ಅಂಜಿ ಆಡಿದ ಸುಳ್ಳು ಒಂದು ಜೀವ ಉಳಿಸಿದಂತೆ ಕಾಣುತ್ತದೆ, ಆದರೆ ಅದರ ಬೆಲೆ ತೆರುವುದು ಬಾಯಿಲ್ಲದ ಇನ್ನೊಂದು ಜೀವ. ನಮ್ಮವರ ಮುಂದೆ ನಿಜ ಹೇಳಿದರೆ ಅವರು ಒಂದು ಮುದ್ದೆ ಉಣ್ಣುವಷ್ಟು ಹೊತ್ತು ಮುನಿಸಿಕೊಂಡಾರು, ಅಷ್ಟೆ.